ಇಪ್ಪತ್ತು ಕಿಲೋದ ಕೆಳಗೆ

ಹೊರಡುವ ಹಿಂದಿನ ದಿನ ಅಪ್ಪ ನನ್ನ ಬ್ಯಾಗನ್ನು
ಸಕ್ಕರೆ ಕಾರ್ಖಾನೆಯ ವೇಬ್ರಿಜ್ಜಿನ ಮೇಲಿಟ್ಟ.
ಕಬ್ಬಿನ ಲಾರಿಗಳು ಹಾರ್ನು ಬಾರಿಸುತ್ತ ನಿಂತಿದ್ದವು.
ಕೆಂಪು ಅಂಕಿ ಕದಲಲಿಲ್ಲ. ಸೊನ್ನೆ.
‘ಇಪ್ಪತ್ ಕಿಲೋದ್ ಕೆಳ್ಗೆ ಇದ್ರ ಕಣ್ಗೆ ಏನೂ ಕಾಣಾಕಿಲ್ಲ ಕಣವ್ವ’
ಅಂದ, ತಪ್ಪು ತನ್ನದೇ ಎಂಬ ಹಾಗೆ.
ಆಮೇಲೆ ಅಪ್ಪ, ನಾನು, ಬ್ಯಾಗು, ಮೂವರೂ ಹತ್ತಿ ನಿಂತೆವು.
ನೂರ ಇಪ್ಪತ್ತು.
ಲಾರಿಯ ಕಿಟಕಿಯಿಂದ ಕತ್ತು ಚಾಚಿ ಒಬ್ಬ ಕೂಗಿದ:
‘ಸೋಗೆ ಕಳ್ದು ಎಷ್ಟು, ಬೋರಲಿಂಗಣ್ಣ?’

ಸೋಗೆ ಕಳೆಯುವುದೇ ಆಗಿತ್ತು ನಾಲ್ಕು ವರ್ಷ.
ಬೆಳಗಿನ ಪ್ಯಾಸೆಂಜರು. ಯಲಿಯೂರು, ಪಾಂಡವಪುರ,
ನರ್ಸಿಂಗ್ ಹುಡುಗಿಯರ ನಿದ್ದೆ, ಸೊಪ್ಪಿನ ಮೂಟೆ,
ಬಾಗಿಲ ಬಳಿ ನಾನು ಒಂಟಿಕಾಲಲ್ಲಿ
ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ.
ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಎಲ್ಲರೂ ಹೊಳೆಗೆ ಕೈಮುಗಿಯುವಾಗ
ನಾನು ಮನಸ್ಸಿನಲ್ಲೇ ರೈಲಿನ ಜೊತೆ ಓಡುತ್ತಿದ್ದೆ.
ದಿನವೂ ಸೋಲುತ್ತಿದ್ದೆ.

ಮುದ್ದಪ್ಪ ಸರ್ ಸೀಟಿ ಊದುವವರಲ್ಲ.
ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ ಬರುವಾಗ ತಂದ
ಒಂದು ಗೇಣು ಹಳಿಯ ತುಂಡಿಗೆ ಸ್ಪ್ಯಾನರಿನಿಂದ ಬಡಿಯುತ್ತಾರೆ.
ಆ ಸದ್ದಿಗೆ ಎದ್ದು ಓಡಬೇಕು.
ಮೊದಲ ದಿನ ನಾನು ಗೆರೆಗೆ ಬಾಗಿದ್ದನ್ನು ನೋಡಿ
‘ನಾಟಿ ಹಾಕುವವರ ಮಗಳಾ?’ ಎಂದರು.
‘ಹೌದು ಸರ್.’
‘ಹಾಗಾದರೆ ಸೊಂಟ ಎತ್ತುವುದನ್ನು ಕಲಿಸಬೇಕಾಗಿಲ್ಲ.
ಅವರು ಹಿಂದಕ್ಕೆ ಹೋಗುತ್ತಾರೆ. ನೀನು ಮುಂದಕ್ಕೆ ಹೋಗು.
ಇಷ್ಟೇ ಪಾಠ.’
ಇಷ್ಟೇ ಪಾಠಕ್ಕೆ ಎರಡು ಸಲ ತೊಡೆಯ ಸ್ನಾಯು ಹರಿಯಿತು.
ತಿರುವಿನಲ್ಲಿ ಚಾಮುಂಡಿಬೆಟ್ಟ
ಎಡಗಣ್ಣಿನಿಂದ ಬಲಗಣ್ಣಿಗೆ ಜಾರುವುದು.
ಜಾರದೆ ನಿಂತ ದಿನ ನಾನು ನಿಧಾನ.

ಒಂದು ಮುಂಜಾನೆ ಐದೂವರೆಗೆ ಕಾರು ಬಂತು.
ಪ್ಯಾಂಟು ಹಾಕಿದ ಹೆಂಗಸು, ಫೈಲು ಹಿಡಿದ ಗಂಡಸು.
ಹೆಣ್ಣು ನೋಡಲು ಬಂದವರೆಂದು ಅಮ್ಮ
ಅವಸರದಲ್ಲಿ ಬಾಣಲೆಗೆ ರವೆ ಸುರಿದಳು.
ಅವರು ಕೇಳಿದ್ದು ಒಂದು ಬಾಟಲಿ ಉಚ್ಚೆ.
ಸೀಲು ಮಾಡಿ, ಸಹಿ ಹಾಕಿಸಿಕೊಂಡು,
ಉಪ್ಪಿಟ್ಟು ತಿನ್ನದೆ ಹೋದರು.
ಅಮ್ಮನಿಗೆ ಇವತ್ತಿಗೂ ಅದೇ ಬೇಜಾರು.

‘ಎಷ್ಟ್ ಹೊತ್ ಓಡೀಯವ್ವ ಅಲ್ಲಿ?’ ಪಕ್ಕದ ಮನೆ ಪುಟ್ಟತಾಯಮ್ಮ.
‘ಇಪ್ಪತ್ತಮೂರು ಸೆಕೆಂಡು, ಅತ್ತೆ.’
‘ಅಷ್ಟಕ್ಕೆ ಅಷ್ಟ್ ದೂರ್ವಾ?
ಇಲ್ಲೇ ಓಡ್ಬುಟ್ಟು ಪೋನ್ ಮಾಡ್ಬಾರ್ದಾ?’

ಮೂರು ವಿಮಾನ, ಹತ್ತೊಂಬತ್ತು ಗಂಟೆ.
ತಪಾಸಣೆಯವನು ನನ್ನ ಬೂಟನ್ನು ಎತ್ತಿ
ಅಡಿಯ ಮೊಳೆಗಳನ್ನು ಬೆರಳಿನಿಂದ ಎಣಿಸಿದ.
ಅವು ನೆಲಕ್ಕೆ, ಯಾರಿಗೂ ಅಲ್ಲ ಎಂದೆ, ಯಾವ ಭಾಷೆಯಲ್ಲೋ.
ನಡುರಾತ್ರಿ ಪಾದ ಊದಿ, ಸಾಲು ಕುರ್ಚಿಗಳ ನಡುವೆ
ಹಿಮ್ಮಡಿ ಎತ್ತಿ ಇಳಿಸಿದೆ.
ಕೆಳಗೆ ಹೊಳೆಯಿಲ್ಲ, ಕೈಮುಗಿಯುವವರಿಲ್ಲ.
ನಿದ್ದೆಗಣ್ಣಿನ ಮಗುವೊಂದು ನೋಡುತ್ತಿತ್ತು.

ಅಲ್ಲಿಂದ ಫೋನು.
‘ಎಷ್ಟು ಕಮ್ಮಿ ಆಗ್ಬೇಕು?’ ಅಪ್ಪ.
‘ಒಂದು ಸೆಕೆಂಡನ್ನು ನೂರು ಹೋಳು ಮಾಡಿದರೆ,
ಅದರಲ್ಲಿ ಹನ್ನೊಂದು.’
ಟ್ರಾಕ್ಟರೊಂದು ಸದ್ದು ಮಾಡುತ್ತ ಅವನ ಕಿವಿಯ ಪಕ್ಕ ಹಾದುಹೋಯಿತು.
‘ಬೆಲ್ಲದಚ್ಚು ಕುಟ್ಟುದ್ರೂ ನೂರು ಹೋಳಾಗಾಕಿಲ್ಲ.
ಪುಡಿ ಆಯ್ತದೆ.’
ಸ್ವಲ್ಪ ಹೊತ್ತು ಬಿಟ್ಟು:
‘ಹಂಗಾರೆ ಪುಡಿ ಲೆಕ್ಕ ಅನ್ನು.’
ಇನ್ನೂ ಸ್ವಲ್ಪ ಹೊತ್ತು ಬಿಟ್ಟು:
‘ಉಂಡ್ಯಾ?’

ಎಂಟನೇ ಲೇನು. ತಿರುವಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದಾರೆ,
ಹಾಗಾಗಿ ಯಾರೂ ಕಾಣುವುದಿಲ್ಲ.
ಬೆಟ್ಟ ಇರಬೇಕಾದ ಕಡೆ
ವಾಚಿನ ಜಾಹೀರಾತು.
ಕೆಂಪು ನೆಲ ಬಿಸಿ. ಉಂಗುರ ಬೆರಳು ನಡುಗುತ್ತಿದೆ,
ಅದೊಂದೇ ಬೆರಳು.
ಹಳಿಯ ತುಂಡಲ್ಲ, ಇಲ್ಲಿ ಪಿಸ್ತೂಲು.
ಯಾರೋ ಅಪರಿಚಿತ ಭಾಷೆಯಲ್ಲಿ ಏಳು ಎಂದರು.
ಸೊಂಟ ಎತ್ತಿದೆ.

ಈ ಹೊತ್ತಿಗೆ ನಮ್ಮೂರಲ್ಲಿ ನಾಲೆಗೆ ನೀರು ಬಿಟ್ಟಿದ್ದಾರೆ.
ಅಮ್ಮ ಕೆಸರಿನಲ್ಲಿ
ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾಳೆ.